ಕೃಷ್ಣಾಜಿ ಮಾಸ್ತರರ ಒಂದೇ ಪತ್ರ

ಕೃಷ್ಣಾಜಿ ಮಾಸ್ತರರಿಗೆ ಶಾಲೆಯ ಆಡಳಿತ ಮಂಡಳಿ ಹದಿನಾಲ್ಕು ತಿಂಗಳ ಪಗಾರ ಕೊಡಬೇಕು. ಇವತ್ತಿಗೂ ಕೊಟ್ಟಿಲ್ಲ. ಇದನ್ನು ಮೊದಲೇ ಬರೆದುಬಿಡುತ್ತೇನೆ, ಯಾಕೆಂದರೆ ಊರವರೆಲ್ಲ "ಪಗಾರ ಸಿಗಲಾರದ್ದಕ್ಕ ಮಾಸ್ತರಗ ಹಿಂಗಾತು" ಎಂದು ಹೇಳಿ ಕೈ ತೊಳೆದುಕೊಂಡಿದ್ದಾರೆ. ಪಗಾರ ಸಿಗದ ಮಾಸ್ತರರು ಕುಂದಗೋಳ ತಾಲೂಕಿನಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಅವರು ಕಿರಾಣಿ ಅಂಗಡಿಯಲ್ಲಿ ಉದ್ರಿ ಬರೆಸುತ್ತಾರೆ, ಹೆಂಡತಿಯ ಬಳೆ ಒತ್ತೆ ಇಡುತ್ತಾರೆ, ಮಂಡಳಿಯವರನ್ನು ಬೈಯುತ್ತಲೇ ಪಾಠ ಹೇಳುತ್ತಾರೆ. ಅವರ ದನಿ ಹೋಗಿಲ್ಲ. ಕೃಷ್ಣಾಜಿ ಮಾಸ್ತರರ ದನಿ ಹೋಗಿದೆ. ಅದು ಹೇಗೆ ಹೋಯಿತೆಂದು ನನಗೆ ಗೊತ್ತು. ಅದರಲ್ಲಿ ನಮ್ಮೂರಿನ ಪಾಲು ಎಷ್ಟೆಂದೂ ಗೊತ್ತು.

ಊರು ಸಂಶಿಯಿಂದ ಮೂರು ಮೈಲಿ. ಶಾಲೆಯ ಹೆಸರು ಬರೆಯುವುದಿಲ್ಲ. ಯಾರಿಗೆ ತಿಳಿಯಬೇಕೋ ಅವರಿಗೆ ಓದಿದ ಕೂಡಲೇ ತಿಳಿಯುತ್ತದೆ. ಎಪ್ಪತ್ನಾಲ್ಕರ ಜೂನ್ ತಿಂಗಳಲ್ಲಿ ಕೃಷ್ಣಾಜಿ ಅಲ್ಲಿಗೆ ಇಂಗ್ಲಿಷ್ ಮಾಸ್ತರರಾಗಿ ಬಂದಾಗ ಅವರಿಗೆ ಇಪ್ಪತ್ತಾರು ವರ್ಷ. ಧಾರವಾಡದಲ್ಲಿ ಬಿ.ಎ., ಬಿ.ಎಡ್. ಮುಗಿಸಿದ್ದರು. ಎರೆಮಣ್ಣಿನ ಕೆಸರಿನಲ್ಲಿ ಸೈಕಲ್ಲನ್ನು ಹೆಗಲ ಮೇಲೆ ಹೊತ್ತುಕೊಂಡು ಊರು ಹೊಕ್ಕರು. ಎಂಟು, ಒಂಬತ್ತು, ಹತ್ತು, ಮೂರೂ ಇಯತ್ತೆಗೆ ಇಂಗ್ಲಿಷ್ ಹೇಳುವವರು ಅವರೊಬ್ಬರೇ.

ಮೊದಲ ಎರಡು ವರ್ಷ ಅವರು ಕಲಿಸುತ್ತಿದ್ದ ರೀತಿ ಬೇರೆಯೇ ಇತ್ತು. ಹಾಜರಿ ಕೂಗಿದಾಗ ಹುಡುಗರು 'ಎಸ್ ಸರ್' ಎಂದರೆ ಸಾಲದು. ಶಾಲೆಗೆ ಬರುವ ದಾರಿಯಲ್ಲಿ ಏನು ಕಂಡೆ ಎಂಬುದನ್ನು ಒಂದು ವಾಕ್ಯದಲ್ಲಿ ಇಂಗ್ಲಿಷಿನಲ್ಲಿ ಹೇಳಬೇಕು. ಒಬ್ಬ ಎಮ್ಮೆ ಕಂಡೆ ಎನ್ನುವನು, ಇನ್ನೊಬ್ಬ ಸತ್ತ ಹಾವು ಕಂಡೆ ಎನ್ನುವನು. ತಪ್ಪಾದರೆ ಎಲ್ಲರೂ ನಗುತ್ತಿದ್ದರು, ಮಾಸ್ತರರೂ ನಗುತ್ತಿದ್ದರು. ಹಾಜರಿ ಮುಗಿಯುವುದಕ್ಕೇ ಅರ್ಧ ತಾಸು ಬೇಕಾಗುತ್ತಿತ್ತು. ಪಾಠ ಹಿಂದೆ ಬೀಳುತ್ತಿತ್ತು. ಆದರೆ ಹುಡುಗರು ಇಂಗ್ಲಿಷ್ ತಾಸಿಗೆ ಓಡಿ ಬರುತ್ತಿದ್ದರು, ಇದನ್ನು ನಾನೇ ಕಣ್ಣಾರೆ ನೋಡಿದ್ದೇನೆ.

ಎಪ್ಪತ್ತಾರರ ಎಸ್ಸೆಸ್ಸೆಲ್ಸಿಯಲ್ಲಿ ಇಪ್ಪತ್ತಾರು ಹುಡುಗರು ಕೂತು ಐದು ಮಂದಿ ಪಾಸಾದರು. ಉಳಿದವರದೆಲ್ಲ ಇಂಗ್ಲಿಷ್ ಒಂದೇ ಹೋಗಿತ್ತು.

ಮಂಡಳಿಯ ಚೇರ್ಮನ್ ಶಂಭುಲಿಂಗಪ್ಪನವರಿಗೆ ಗುಡಗೇರಿಯಲ್ಲಿ ಕಾಳಿನ ದಲಾಲಿ ಅಂಗಡಿ. ಮಾಸ್ತರರನ್ನು ಅಲ್ಲಿಗೇ ಕರೆಸಿದರು. ಕೂಡಲು ಹೇಳಲಿಲ್ಲ.

"ಮಾಸ್ತರ, ಎಮ್ಮಿಗೆ ಇಂಗ್ಲಿಷ್ ಕಲಸಾಕ ನಿಮ್ಮನ್ನ ಕರಕೊಂಡಿಲ್ಲ. ನನಗ ಹುಡುಗಗ ಮೂವತ್ತೈದು ಮಾರ್ಕು ಬೇಕು. ಮೂವತ್ತಾರನೇದು ಬ್ಯಾಡ, ಅದನ್ನ ನೀವ ಇಟಕೊರ್ರಿ."

"ಭಾಷಾ ಬರಲಿಕ್ಕೆ ಎರಡು ಮೂರು ವರ್ಷ ಹಿಡೀತದ್ರಿ."

"ಅಲ್ಲೀಮಟ ಸರಕಾರ ಗ್ರ್ಯಾಂಟ್ ಕೊಟಗೋತ ಕುಂದ್ರತೈತೇನು? ಗ್ರ್ಯಾಂಟ್ ಹೋದ್ರ ನಿಮ್ಮ ಪಗಾರ ಎಲ್ಲಿಂದ ಕೊಡ್ಲಿ, ಈ ಜೋಳದ ಚೀಲದಾಗಿಂದ?"

ಅಂಗಡಿಯಲ್ಲಿದ್ದ ಹಮಾಲರು ನಕ್ಕರು.

ಚೇರ್ಮನ್ನರ ಮಾತಿಗಿಂತ ಕೆಟ್ಟದ್ದು ಊರಿನ ಓಣಿಗಳಲ್ಲಿತ್ತು. ಪಟ್ಟಣದಲ್ಲಿ ನಪಾಸಾದ ಹುಡುಗ ಎಲ್ಲೋ ಕಣ್ಮರೆಯಾಗುತ್ತಾನೆ. ಹಳ್ಳಿಯಲ್ಲಿ ಅವನು ಮಾಸ್ತರನ ಎದುರಿಗೇ ದೊಡ್ಡವನಾಗುತ್ತಾನೆ. ಹಿಟ್ಟಿನ ಗಿರಣಿಯಲ್ಲಿ ಒಬ್ಬ, ಬಸ್‌ಸ್ಟ್ಯಾಂಡಿನ ಚಹಾದ ಅಂಗಡಿಯಲ್ಲಿ ಇಬ್ಬರು, ಗ್ರಾಮ ಪಂಚಾಯಿತಿಯ ಕಟ್ಟೆಯ ಮೇಲೆ ಆರು ಜನ. ಕ್ಷೌರ ಮಾಡುವ ಹೊಳೆಯಪ್ಪ ಮೊದಲ ತಂಡದವನು, ಮೂರು ಸಲ ಕಟ್ಟಿ ಮೂರು ಸಲವೂ ಇಂಗ್ಲಿಷಿನಲ್ಲಿ ಬಿದ್ದವನು. ಮಾಸ್ತರರ ಗಲ್ಲಕ್ಕೆ ಸಾಬೂನು ಹಚ್ಚಿ, ಕತ್ತಿಯನ್ನು ಚರ್ಮದ ಪಟ್ಟಿಗೆ ಮಸೆಯುತ್ತ ಅವನು ಹೇಳುತ್ತಿದ್ದ:

"ನನ್ನ ಇಂಗ್ಲಿಷ್ ತಗದಾಂವ ನೀವ್ರಿ ಸರ. ಈಗ ನಿಮ್ಮ ಗಡ್ಡಾ ತಗಿಯಾಂವ ನಾನು. ಅಂಜಬ್ಯಾಡ್ರಿ, ನಾ ನಿಮ್ಮನ್ನ ಪಾಸ್ ಮಾಡೇ ಕಳಸ್ತೀನಿ."

ಅವನದು ಚೇಷ್ಟೆ. ಕೂತವರೆಲ್ಲ ನಗುತ್ತಿದ್ದರು. ಮಾಸ್ತರರು ಕಣ್ಣು ಮುಚ್ಚಿಕೊಂಡು ಕೂಡುತ್ತಿದ್ದರು. ಆಮೇಲೆ ಮನೆಯಲ್ಲೇ ಗಡ್ಡ ಮಾಡಿಕೊಳ್ಳತೊಡಗಿದರು. ತಪ್ಪಿಸಿಕೊಳ್ಳುವುದು ಅಲ್ಲಿಂದ ಶುರುವಾಯಿತು. ಗಿರಣಿಗೆ ಹೆಂಡತಿ ತುಳಸಾಬಾಯಿಯನ್ನು ಕಳಿಸಿದರು. ಕಟ್ಟೆಯ ಮುಂದೆ ಹಾಯದೆ ಹಿತ್ತಲ ದಾರಿ ಹಿಡಿದು ಶಾಲೆಗೆ ಹೋದರು.

ಎಪ್ಪತ್ತೇಳರಲ್ಲಿ ಅವರು ತಮ್ಮ ಪದ್ಧತಿ ಬದಲಿಸಿದರು. ಹಿಂದಿನ ಹತ್ತು ವರ್ಷದ ಪ್ರಶ್ನೆಪತ್ರಿಕೆ ತಂದು ಎಣಿಸಿ ನೋಡಿದರು. ಮೂವತ್ತೈದು ಮಾರ್ಕಿಗೆ ಎಷ್ಟು ಬೇಕೋ ಅಷ್ಟನ್ನೇ ಆರಿಸಿ ಒಂದು ನೋಟುಬುಕ್ಕಿನಲ್ಲಿ ಬರೆದರು: ನಾಲ್ಕು ನಿಬಂಧ, ಎರಡು ಪದ್ಯ, ಹನ್ನೆರಡು ಸಣ್ಣ ಉತ್ತರ, ಒಂದು ಪತ್ರ. ಪತ್ರ ಅಂಕಲ್‌ಗೆ ಬರೆದದ್ದು, ವಿಜಾಪುರಕ್ಕೆ ಹೋಗಿ ಗೋಳಗುಮ್ಮಟ ನೋಡಿ ಬಂದೆ ಅಂತ. ಅವನ್ನು ಹತ್ತನೇ ಇಯತ್ತೆಯ ಮಕ್ಕಳು ಜೂನ್‌ನಿಂದ ಮಾರ್ಚ್‌ವರೆಗೆ ದಿನಾಲು ಒಂದೇ ದನಿಯಲ್ಲಿ ಕೂಗಬೇಕು, ವಾರಕ್ಕೊಮ್ಮೆ ನೋಡದೆ ಬರೆಯಬೇಕು. ಪ್ರಶ್ನೆ ಓದಿ ತಿಳಿಯುವ ಉಸಾಬರಿ ಬೇಡ. 'ಲೆಟರ್' ಎಂಬ ಶಬ್ದ ಯಾವ ಪ್ರಶ್ನೆಯಲ್ಲಿ ಕಣ್ಣಿಗೆ ಬೀಳುತ್ತದೋ ಅದರ ಮುಂದೆ ಈ ಪತ್ರ ಇಳಿಸಿಬಿಡಬೇಕು. ಕೇಳಿದ್ದು ಬೇರೆ ಪತ್ರವಾದರೂ ಊರು, ತಾರೀಖು, ಕೆಳಗೆ ಸಹಿ ಸರಿಯಾಗಿದ್ದರೆ ಎರಡು ಮಾರ್ಕು ಬಂದೇ ಬರುತ್ತದೆ ಎಂಬುದು ಅವರ ಲೆಕ್ಕ.

ಲೆಕ್ಕ ತಪ್ಪಲಿಲ್ಲ. ಎಂಬತ್ತರ ಹೊತ್ತಿಗೆ ನೂರಕ್ಕೆ ಎಪ್ಪತ್ತು ಮಂದಿ ಪಾಸಾಗತೊಡಗಿದರು. ಚೇರ್ಮನ್ನರು ಗಣರಾಜ್ಯ ದಿನ ಶಾಲು ಹೊದಿಸಿದರು. ಬೇರೆ ಊರಿನ ಮಾಸ್ತರರು ನೋಟುಬುಕ್ಕು ಬರೆದುಕೊಂಡು ಹೋಗಲು ಬಂದರು. ಊರು ಮಾಸ್ತರರನ್ನು ಹೊಗಳಿತು.

ಮಾಸ್ತರರು ಒಣಗಿಹೋದದ್ದು ಆಗಲೇ. ಬೈಸಿಕೊಳ್ಳುತ್ತಿದ್ದಾಗ ಅವರಲ್ಲಿ ಒಂದಿಷ್ಟು ಸಿಟ್ಟಾದರೂ ಇತ್ತು, ಹೊಗಳಿಕೆ ಅದನ್ನೂ ತಿಂದಿತು. ಮಕ್ಕಳ ಹೆಸರು ಹಿಡಿದು ಕರೆಯುವುದನ್ನು ಬಿಟ್ಟರು. ಹದಿನೇಳು ಎದ್ದು ನಿಲ್ಲು, ಇಪ್ಪತ್ತೆರಡು ಓದು, ಹೀಗೆ. ಸೋಮವಾರ ಮೊದಲ ಗಂಟೆ ಹೊಡೆದಾಗ ಶಾಲೆಯ ಹಿಂದಿನ ಜಾಲಿಕಂಟಿಯ ಮರೆಯಲ್ಲಿ ನಿಂತಿರುತ್ತಿದ್ದರು, ಗಂಟೆ ಹೊಡೆಯುವ ಸಿಪಾಯಿ ಹೋಗಿ ಕರೆದುಕೊಂಡು ಬರುತ್ತಿದ್ದ.

ಇನ್ನೊಂದು ಸಂಗತಿಯನ್ನು ತುಳಸಾಬಾಯಿ ನನಗೆ ಹೇಳಿದ್ದಳು. ಗಣಿತದ ಮಾಸ್ತರನಿಗೆ ಅಂಗಡಿಗೆ ಹೋದರೂ ಲೆಕ್ಕ ಸಿಗುತ್ತದೆ. ಇಂಗ್ಲಿಷ್ ಮಾಸ್ತರನಿಗೆ ಇಡೀ ಊರಲ್ಲಿ ಇಂಗ್ಲಿಷ್ ಮಾತಾಡುವ ಒಂದು ಜೀವ ಸಿಗುವುದಿಲ್ಲ. ಕೃಷ್ಣಾಜಿಯವರ ಬಾಯಲ್ಲಿ ಉಳಿದದ್ದು ಆ ಗೋಳಗುಮ್ಮಟದ ಪತ್ರ, ಆ ನಾಲ್ಕು ನಿಬಂಧ ಮಾತ್ರ. ಒಮ್ಮೆ ತೆಂಕಣ ಸೀಮೆಯ ಇನ್‌ಸ್ಪೆಕ್ಟರ್ ಬಂದು ಇಂಗ್ಲಿಷಿನಲ್ಲಿ ಕುಶಲ ಕೇಳಿದರು. ಮಾಸ್ತರರಿಗೆ ನಾಲಿಗೆ ಏಳಲಿಲ್ಲ. ಹೊಟ್ಟೆ ನೋವೆಂದು ಹೇಳಿ ಹೊರಗೆ ಹೋದವರು ಇನ್‌ಸ್ಪೆಕ್ಟರ್ ಜೀಪು ಹತ್ತುವವರೆಗೆ ಹೊಲದಲ್ಲಿ ಕೂತಿದ್ದರು.

"ನನಗ ಬರೂದಿಲ್ಲ ಅಂತ ಯಾರಿಗೂ ಗೊತ್ತಾಗಬಾರದು ನೋಡು," ಎಂದು ಅವತ್ತು ಹೆಂಡತಿಯ ಮುಂದೆ ಹೇಳಿದರಂತೆ. ಬಿ.ಎ.ಯಲ್ಲಿ ಇಂಗ್ಲಿಷಿಗೆ ಬಹುಮಾನ ತೆಗೆದುಕೊಂಡ ಮನುಷ್ಯ.

ಎಂಬತ್ತೆರಡರ ಭಾಷಾ ಚಳವಳಿಯಲ್ಲಿ ನಾವು ಹತ್ತಿಪ್ಪತ್ತು ಜನ ಇಂಗ್ಲಿಷ್ ಫಲಕಗಳಿಗೆಲ್ಲ ಡಾಂಬರು ಬಳಿಯುತ್ತ ಶಾಲೆಯ ಗೇಟಿಗೂ ಬಂದೆವು. ನಿಚ್ಚಣಿಕೆ ಅಲುಗಾಡುತ್ತಿತ್ತು. ಕೃಷ್ಣಾಜಿ ಮಾಸ್ತರರು ಒಳಗಿನಿಂದ ಬಂದು ಸುಮ್ಮನೆ ಅದನ್ನು ಹಿಡಿದುಕೊಂಡರು. "ಎಡಕ್ಕ ಒಂದೀಟು ಉಳೀತ್ರಿ, ಅಲ್ಲಿ ಬಳೀರಿ," ಎಂದರು. ನಾವು ನಕ್ಕೆವು. ಅವರ ಮುಖ ನೋಡಲಿಲ್ಲ. ಎಂಟು ದಿನ ಬಿಟ್ಟು ನಾನೇ ಅವರ ಮನೆಗೆ ಹೋಗಿ, ನನ್ನ ತಂಗಿಯ ಮಗ ಇಂಗ್ಲಿಷಿನಲ್ಲಿ ಹಿಂದಿದ್ದಾನೆ, ಒಂದಿಷ್ಟು ನೋಡಿಕೊಳ್ಳಿ ಎಂದೆ.

ತುಳಸಾಬಾಯಿ ಚಹಾ ತಂದಿಟ್ಟು, "ಕೈಯಾಗಿನ ಡಾಂಬರ ಹೋತೇನ್ರಿ?" ಎಂದಳು.

ನಾನು ಚಹಾ ಕುಡಿದು ಬಂದೆ. ಅದಕ್ಕಿಂತ ಹೆಚ್ಚಿನದೇನೂ ಮಾಡಲಿಲ್ಲ. ಊರಿಗೆ ಆ ಭಾಷೆಯೂ ಬೇಡ, ಅದನ್ನು ಕಲಿಸುವ ಮನುಷ್ಯನೂ ಬೇಡ. ಅದರ ಮಾರ್ಕು ಮಾತ್ರ ಬೇಕು. ಆ ಮಾರ್ಕನ್ನು ಒಬ್ಬ ಮನುಷ್ಯ ತನ್ನ ಮೈಯಿಂದ ಹಿಂಡಿ ಕೊಡಬೇಕು.

ಎಂಬತ್ತಾರರ ಪರೀಕ್ಷೆಗೆ ನಲವತ್ತೊಂದು ಮಕ್ಕಳು ಕೂತಿದ್ದರು. ಜೂನ್‌ನಲ್ಲಿ ಫಲಿತಾಂಶ ಬಂತು, ನಮ್ಮ ಶಾಲೆಯದು ಬರಲಿಲ್ಲ. ತಡೆಹಿಡಿದಿದ್ದಾರೆ ಎಂಬ ಕಾಗದ ಬಂತು. ಆ ವರ್ಷದ ಪ್ರಶ್ನೆ, ಅಣ್ಣನ ಮದುವೆಗೆ ಬಾ ಎಂದು ಗೆಳೆಯನಿಗೆ ಪತ್ರ ಬರೆಯಿರಿ ಎಂಬುದಾಗಿತ್ತು. ನಲವತ್ತೊಂದು ಮಕ್ಕಳೂ ಅಂಕಲ್‌ಗೆ ಗೋಳಗುಮ್ಮಟದ ವರ್ಣನೆ ಬರೆದಿದ್ದರು, ಒಂದು ಚುಕ್ಕೆ ಆಚೀಚೆಯಾಗದಂತೆ. ಹಿಂದಿನ ವರ್ಷಗಳಲ್ಲಿ ಉತ್ತರಪತ್ರಿಕೆಗಳು ಹರಿಹಂಚಿಹೋಗಿ ಯಾರ ಕಣ್ಣಿಗೂ ಬಿದ್ದಿರಲಿಲ್ಲವೋ ಏನೋ. ಈ ಸಲ ಅಷ್ಟೂ ಕಟ್ಟು ಒಬ್ಬನೇ ಪರೀಕ್ಷಕನ ಕೈಗೆ ಹೋಗಿತ್ತು. ಯಾರೋ ಕಿಟಕಿಯಲ್ಲಿ ನಿಂತು ಹೇಳಿ ಬರೆಸಿದ್ದಾರೆ, ಸಾಮೂಹಿಕ ಕಾಪಿ, ಎಂದು ಅವನು ಬರೆದ. ಕಾಪಿ ಎಂದು ಸಿದ್ಧವಾದರೆ ಎಲ್ಲರೂ ಎರಡು ವರ್ಷ ಪರೀಕ್ಷೆಗೆ ಕೂಡುವಂತಿಲ್ಲ.

ಎರಡು ವರ್ಷ ಎಂದರೆ ಹುಡುಗರಿಗೆ ಹೊಲ, ಹುಡುಗಿಯರಿಗೆ ಮದುವೆ. ಮೆಹರುನಬಿ ಎಂಬ ಹುಡುಗಿ ಶಿಕ್ಷಕರ ತರಬೇತಿಗೆ ಅರ್ಜಿ ತುಂಬಿಟ್ಟಿದ್ದಳು, ಜುಲೈ ಹತ್ತರೊಳಗೆ ಅಂಕಪಟ್ಟಿ ಬೇಕಿತ್ತು. ಅವಳ ತಾಯಿ ಖಾಸಿಂಬಿ ಮೆಣಸಿನಕಾಯಿಯ ತೊಟ್ಟು ಮುರಿಯುವ ಕೂಲಿ. ಉರಿಯುವ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಮಾಸ್ತರರ ಬಾಗಿಲಿಗೆ ಬಂದಳು.

"ನಮ್ಮ ಹುಡುಗಿ ಕದ್ದು ಬರದಾಳೇನ್ರಿ ಮಾಸ್ತರ?"

"ಇಲ್ಲವಾ."

"ಮತ್ತ ಹಂಗಂತ ಹೇಳ್ರಿ ಅವರಿಗೆ. ಆಕಿ ಕಾಕಾ ವರಾ ನೋಡ್ಯಾನ. ಈ ವರ್ಷ ತಪ್ಪಿತಂದ್ರ ನನ್ನ ಮಾತು ನಡಿಯೂದಿಲ್ಲ."

ಪರೀಕ್ಷಾ ಕಚೇರಿಯವರು ಶಾಲೆಗೆ ಬಂದು ವಿಚಾರಣೆ ಮಾಡುವ ಹಿಂದಿನ ದಿನ ಶಂಭುಲಿಂಗಪ್ಪನವರು ಮಾಸ್ತರರನ್ನು ದಲಾಲಿ ಅಂಗಡಿಗೆ ಕರೆಸಿದರು. ಈ ಸಲ ಕುರ್ಚಿ ಕೊಟ್ಟರು. ಪಾಲಕರ ಪರವಾಗಿ ವಿಚಾರಣೆಗೆ ಕೂಡಲು ಊರವರು ನನ್ನನ್ನು ಆರಿಸಿದ್ದರಿಂದ ನಾನೂ ಇದ್ದೆ.

"ನಾಳೆ ನೀವು ಬಾಯಿ ಬಿಚ್ಚಬ್ಯಾಡ್ರಿ," ಎಂದರು ಚೇರ್ಮನ್ನರು. "ಪರೀಕ್ಷಾಕ್ಕ ಹೊರಗಿಂದ ಒಬ್ಬ ಸೂಪರ್‌ವೈಜರ್ ಬಂದಿದ್ನಲ್ಲ, ಅಂವನ ಹೇಳಿ ಬರಸ್ಯಾನ ಅಂತ ಮಂಡಳಿಯಿಂದ ಬರಕೊಡ್ತೀವಿ."

"ಅಂವಾ ಬರಸಿಲ್ರಿ."

"ಅದು ನನಗೂ ಗೊತ್ತೈತಿ."

"ಹಂಗ ಬರಕೊಟ್ರ ಹುಡುಗ್ರು ಕಾಪಿ ಮಾಡಿದ್ರು ಅಂತ ನಾವ ಒಪ್ಪಿಕೊಂಡಂಗ ಆತಲ್ರಿ. ಎರಡು ವರ್ಷ ಹೋಗ್ತದ."

"ಎರಡ ವರ್ಷ ಹೊಲಾ ಮಾಡ್ತಾರ, ಮುಂದ ಕೂಡ್ತಾರ. ಸಾಲಿ ಹೆಸರು ಹೋದ್ರ ಯಾವ ಸಂತ್ಯಾಗ ಹೋಗಿ ತರೂಣು? ನಮ್ಮ ಮಾಸ್ತರಗ ಕಲಸಾಕ ಬರೂದಿಲ್ಲ ಅಂತ ಡಂಗುರಾ ಸಾರಬೇಕೇನು?"

ಮಾಸ್ತರರು ಎದ್ದರು. ದಾರಿಯಲ್ಲಿ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು: "ಹನ್ನೆರಡು ವರ್ಷದಾಗ ನಾ ಒಬ್ಬರಿಗರ ಇಂಗ್ಲಿಷ್ ಕಲಿಸೀನೇನ್ರಿ?"

ಮರುದಿನ ಪರೀಕ್ಷಾ ಕಚೇರಿಯ ಸಾಹೇಬರು ಬಂದರು. ಬೆಂಗಳೂರಿನ ಕಡೆಯ, ಬೋಳು ತಲೆಯ, ಸಮಾಧಾನದ ಮನುಷ್ಯ. ಮೊದಲ ಪ್ರಶ್ನೆಯನ್ನು ಇಂಗ್ಲಿಷಿನಲ್ಲಿ ಕೇಳಿದರು. ಚೇರ್ಮನ್ನರು ತಮ್ಮ ಕಾಗದ ಮುಂದೆ ಸರಿಸಿದರು. ಆಗ ಮಾಸ್ತರರು ಕನ್ನಡದಲ್ಲಿ ಹೇಳಿದರು:

"ಸಾಹೇಬ್ರ, ಆ ಕಾಗದ ಖರೇ ಅಲ್ಲ. ಹೇಳಿ ಬರಸಿದಾಂವ ನಾನು."

"ಪರೀಕ್ಷೆ ಹಾಲ್‌ನಲ್ಲೇ?"

"ಅಲ್ರಿ. ಒಂಬತ್ತು ತಿಂಗಳಿಂದ, ದಿನಾ, ಕ್ಲಾಸಿನ್ಯಾಗ. ಅವರಿಗೆ ಕಾಪಿ ಮಾಡೂ ಜರೂರಿಲ್ರಿ. ಒಬ್ಬೊಬ್ಬರನ್ನ ಕರದು ನೋಡ್ರಿ."

ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಒಳಗೆ ಕರೆದರು. ಒಳಗೆ ಬಂದವರು ಹೊರಗಿನವರೊಡನೆ ಸೇರದಂತೆ ಬೇರೆ ಖೋಲಿಯಲ್ಲಿ ಕೂಡಿಸಿದರು. ಪ್ರತಿಯೊಬ್ಬರೂ ಕೈ ಕಟ್ಟಿಕೊಂಡು, ಗೋಡೆ ನೋಡುತ್ತ, ಪತ್ರವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ರಾಗದಲ್ಲಿ ಹೇಳಿದರು. ಉಸಿರು ತೆಗೆದುಕೊಳ್ಳುವ ಜಾಗವೂ ಒಂದೇ. ಹತ್ತು ಮಕ್ಕಳಾದ ಮೇಲೆ ಸಾಹೇಬರು ಬರೆಯುವುದನ್ನು ನಿಲ್ಲಿಸಿದರು.

ಹನ್ನೊಂದನೆಯವಳು ಮೆಹರುನಬಿ. ಅವಳೂ ತಡವರಿಸದೆ ಹೇಳಿ ಮುಗಿಸಿದಳು. ಸಾಹೇಬರು ಪ್ರಶ್ನೆಪತ್ರಿಕೆ ಅವಳ ಕೈಗಿತ್ತು, "ಇಲ್ಲಿ ಏನು ಕೇಳಿದ್ದಾರೆ ಅಂತ ಕನ್ನಡದಲ್ಲಿ ಹೇಳಮ್ಮ," ಎಂದರು.

ಹುಡುಗಿ ಬಹಳ ಹೊತ್ತು ನೋಡಿದಳು. "ಲೆಟರ್ ಕೇಳ್ಯಾರ್ರಿ."

"ಯಾರಿಗೆ? ಯಾತಕ್ಕೆ?"

"ಗೊತ್ತಿಲ್ರಿ."

"ನೀನು ಬರೆದ ಪತ್ರದಲ್ಲಿ ಏನಿದೆ?"

ಅವಳು ಮಾಸ್ತರರ ಕಡೆ ನೋಡಿದಳು. ಮಾಸ್ತರರು ಕಿಟಕಿಯ ಸರಳು ಹಿಡಿದು, ಬೆನ್ನು ತಿರುಗಿಸಿ ನಿಂತಿದ್ದರು.

"ಅದೂ ಗೊತ್ತಿಲ್ರಿ. ಸರ ಹೇಳಿಕೊಟ್ಟಿದ್ದು ತಪ್ಪದಂಗ ಬರದೀನ್ರಿ."

ಸಾಹೇಬರು ಉಳಿದ ಮೂವತ್ತು ಮಕ್ಕಳಿಗೂ ಅದೇ ಮೂರು ಪ್ರಶ್ನೆ ಕೇಳಿದರು. ಕೆಲಸಕ್ಕೆ ಪ್ರಾಮಾಣಿಕ ಮನುಷ್ಯ, ಒಬ್ಬರನ್ನೂ ಬಿಡಲಿಲ್ಲ. ಮೂವತ್ತು ಸಲ 'ಗೊತ್ತಿಲ್ರಿ' ಎಂಬ ಮಾತು ಆ ಖೋಲಿಯಲ್ಲಿ ಬಿತ್ತು. ಪ್ರತಿ ಸಲವೂ ಒಂದು ಮಗು ಬಚಾವಾಯಿತು, ಪ್ರತಿ ಸಲವೂ ಮಾಸ್ತರರ ಹೆಗಲು ಒಂದಿಷ್ಟು ಇಳಿಯಿತು. ನಾನು ಅಲ್ಲೇ ಕೂತು ನೋಡಿದವನು. ಪೊಲೀಸರ ಲಾಠಿ ಬೀಳುವುದನ್ನು ಹತ್ತಿರದಿಂದ ಕಂಡಿದ್ದೇನೆ. ಅದು ಇದಕ್ಕಿಂತ ಬೇಗ ಮುಗಿಯುತ್ತದೆ.

ಕೊನೆಗೆ ಸಾಹೇಬರು ಫೈಲು ಕಟ್ಟಿದರು. "ಕಾಪಿ ಅಲ್ಲ. ವಾರದಲ್ಲಿ ಫಲಿತಾಂಶ ಬಿಡಿಸ್ತೀನಿ," ಎಂದರು. ಹೋಗುವಾಗ ಮಾಸ್ತರರ ಭುಜ ಮುಟ್ಟಿ, "ಬೇಜಾರು ಮಾಡ್ಕೋಬೇಡಿ ಮೇಷ್ಟ್ರೇ. ಎಲ್ಲ ಕಡೆನೂ ಹೀಗೇ ಇದೆ," ಎಂದರು. ಆ ಮಾತು ಒಳ್ಳೆಯ ಮನಸ್ಸಿನಿಂದಲೇ ಬಂದಿತ್ತು.

ಮೂವತ್ಮೂರು ಮಕ್ಕಳು ಪಾಸಾದರು. ಮೆಹರುನಬಿಗೆ ಇಂಗ್ಲಿಷಿನಲ್ಲಿ ಮೂವತ್ತೇಳು. ಅವಳು ತರಬೇತಿಗೆ ಸೇರಿದಳು. ಖಾಸಿಂಬಿ ಬೆಲ್ಲ ಹಂಚಿದಳು. ಮಾಸ್ತರರ ಮನೆಗೂ ಒಂದು ಚೂರು ಹೋಯಿತು.

ಶಾಲೆ ಶುರುವಾದ ಮೇಲೆ ಮಾಸ್ತರರು ಒಂದು ದಿನ ಹತ್ತನೇ ಇಯತ್ತೆಯ ಎದುರು ನಿಂತು ಪುಸ್ತಕ ತೆರೆದರು. ಬಾಯಿ ತೆರೆಯಿತು, ದನಿ ಬರಲಿಲ್ಲ. ಮಕ್ಕಳು ಕಾದರು. ಗಂಟೆ ಹೊಡೆಯುವವರೆಗೂ ಹಾಗೇ ನಿಂತಿದ್ದು ಹೊರಗೆ ಬಂದರು. ಹುಬ್ಬಳ್ಳಿಯ ಡಾಕ್ಟರು ಬ್ಯಾಟರಿ ಹಾಕಿ ನೋಡಿ, ಗಂಟಲಿಗೆ ಏನೂ ಆಗಿಲ್ಲ, ಮನೆಯಲ್ಲಿ ಮಾತಾಡುತ್ತಾರೋ ಎಂದು ಕೇಳಿದರು. ತುಳಸಾಬಾಯಿ, "'ನೀರು', 'ಸಾಕು', ಈ ಎರಡ ಮಾತು ಆಡ್ತಾರ್ರಿ," ಎಂದಳು. ಮಂಡಳಿ ಅವರಿಗೆ ಒಂದೂವರೆ ವರ್ಷ ರಜೆ ಹಾಕಿಸಿತು, ಆಮೇಲೆ ಪಗಾರ ತಡೆಯಿತು, ಆಮೇಲೆ ಶಿಸ್ತಿನ ನೋಟೀಸು ಕಳಿಸಿತು. ಕಲಿಸಲು ಬರುವುದಿಲ್ಲವೆಂದು ಮಾಸ್ತರರು ತಾವೇ ಸಾಹೇಬರ ಮುಂದೆ ಒಪ್ಪಿಕೊಂಡಿದ್ದಾರೆ ಎಂಬುದೇ ಅದರ ಒಕ್ಕಣೆ.

ಈಗ ಅವರು ಅಣ್ಣಿಗೇರಿಯಲ್ಲಿ ತುಳಸಾಬಾಯಿಯ ಅಣ್ಣನ ಬಟ್ಟೆ ಅಂಗಡಿಯಲ್ಲಿ ಕೂಡುತ್ತಾರೆ. ವಯಸ್ಸು ನಲವತ್ತೊಂದು. ಗಿರಾಕಿ ದರ ಕೇಳಿದರೆ ಬೆರಳು ತೋರಿಸುತ್ತಾರೆ. ಹೊಸಬರು ಮೂಕನೆಂದು ತಿಳಿಯುತ್ತಾರೆ, ಅಂಗಡಿಯವರು ಹೌದೆನ್ನುತ್ತಾರೆ. ಪಾಸಾದ ಮೂವತ್ಮೂರು ಜನರಲ್ಲಿ ಒಬ್ಬರೂ ಅಲ್ಲಿಗೆ ಹೋಗಿಲ್ಲ. ಊರಿನಲ್ಲಿ ಅವರ ಮಾತು ಬಂದರೆ, ಮೊದಲಿಂದಲೂ ಅವರದು ಸ್ವಲ್ಪ ಹಂಗ, ಎನ್ನುತ್ತಾರೆ. ಮೊದಲಿನಿಂದ ಹಾಗಿರಲಿಲ್ಲ. ಅದನ್ನು ಹೇಳಲಿಕ್ಕೇ ಇಷ್ಟು ಬರೆದದ್ದು.

ಆ ಜಾಗಕ್ಕೆ ಈ ಜೂನ್‌ನಲ್ಲಿ ವೆಂಕಣ್ಣ ಎಂಬ ಇಪ್ಪತ್ನಾಲ್ಕು ವರ್ಷದವನು ಬಂದಿದ್ದಾನೆ. ಚೇರ್ಮನ್ನರು ಮೊದಲ ದಿನವೇ ಎಷ್ಟು ಪರ್ಸೆಂಟು ರಿಜಲ್ಟು ಕೊಡುತ್ತೀ ಎಂದು ಕೇಳಿದ್ದಾರೆ. ಕೃಷ್ಣಾಜಿಯವರ ನೋಟುಬುಕ್ಕು ಇನ್ನೂ ಶಾಲೆಯ ಕಪಾಟಿನಲ್ಲಿದೆ, ಅದನ್ನೂ ತೋರಿಸಿದ್ದಾರೆ. ಹುಡುಗ ಅದನ್ನು ಮುಟ್ಟಿಲ್ಲ. ಸಂಶಿಯ ಸಂತೆಯಲ್ಲಿ ಸಿಕ್ಕು ನನಗೆ ಹೇಳಿದ:

"ನಾ ಮಾತಾಡಾಕ ಕಲಸಾಂವ್ರಿ. ರಿಜಲ್ಟು ಕಡಿಮಿ ಬರ್ತೈತಿ, ಅದು ನನಗ ಗೊತ್ತೈತಿ. ಅವತ್ತ ಊರ ಮಂದಿ ನನ್ನ ಮ್ಯಾಲ ಬೀಳ್ತಾರ. ನೀವು ಎಲ್ಲಿರ್ತೀರಿ?"

ನನ್ನೊಬ್ಬನಿಂದ ಆಗುವ ಕೆಲಸ ಇದಲ್ಲ. ಅದಕ್ಕೆ ಆ ಪ್ರಶ್ನೆಯನ್ನು ನಿಮ್ಮ ಮುಂದೆ ಇಡುತ್ತೇನೆ. ನಿಮ್ಮೂರಲ್ಲೂ ಇಂಗ್ಲಿಷ್ ಮಾಸ್ತರನಿದ್ದಾನೆ. ಫಲಿತಾಂಶ ಬಿದ್ದ ದಿನ ಮಂಡಳಿಯವರು ಅವನನ್ನು ಅಂಗಡಿಗೆ ಕರೆಸಿ ನಿಲ್ಲಿಸುತ್ತಾರಲ್ಲ, ಆ ದಿನ ನೀವೂ ಅಲ್ಲಿಗೆ ಹೋಗಿ ಅವನ ಬಾಜೂಕ ನಿಲ್ಲಬೇಕು. ನಿಮ್ಮ ಸ್ವಂತ ಮಗ ನಪಾಸಾಗಿದ್ದರೂ ನಿಲ್ಲಬೇಕು. ನಿಲ್ಲುತ್ತೀರೋ ಇಲ್ಲವೋ, ಈಗಲೇ ಹೇಳಿರಿ.